ಪಿಸುಮಾತಿನ ಅಂಪೈರ್

ಬೇಸ್‌ಬಾಲ್ ಅಂಪೈರ್ ಎಂದರೆ ಕೈಯೆತ್ತಿ ಗುಡುಗಬೇಕು, ಆಟಗಾರರು ಗಡಗಡ ನಡುಗಬೇಕು ಎಂದುಕೊಂಡವರಿಗೆ ಈತ ತೀರಾ ಸಪ್ಪೆ ಆಸಾಮಿ. ವಾರವಿಡೀ ಬಸ್ಸು ಓಡಿಸುವವನು. ಗುದ್ದುವ ಮೊದಲೇ ಹಾರನ್ ಹೊಡೆಯುವ ಚಾಳಿ ಮೈದಾನದಲ್ಲೂ ಬಿಟ್ಟಿರಲಿಲ್ಲ. ಚೆಂಡೆಸೆಯುವವನ ಕಾಲು ಆಚೀಚೆ ಸರಿಯತೊಡಗಿದರೆ ಸಾಕು, ಪಕ್ಕಕ್ಕೆ ಹೋಗಿ "ಕಾಲು ನೋಡ್ಕೊಳ್ಳಪ್ಪ" ಎಂದು ಪಿಸುಗುಟ್ಟಿ ಬರುವನು. ತಪ್ಪಾದ ಮೇಲೆ ಶಿಕ್ಷೆ ಕೊಡುವುದೇನು ಮಹಾ, ತಪ್ಪೇ ಆಗದಂತೆ ನೋಡಿಕೊಳ್ಳಬೇಕು ಎಂಬ ಜಂಬ ಬೇರೆ.

ಆ ಭಾನುವಾರ ಮಾತ್ರ ಬೆಳಗಿನಿಂದಲೇ ಎದೆಯಲ್ಲಿ ಅಳುಕು. ಚೆಂಡು ಹಿಡಿಯುವ ಕ್ಯಾಚರ್ ಆಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನು ಸ್ವಂತ ಅಳಿಯ. ಹೋದ ವರ್ಷ ತಲೆಗೆ ಪೆಟ್ಟು ತಿಂದು ಆಸ್ಪತ್ರೆ ಸೇರಿದ್ದವನು. ಇನ್ನೊಂದು ಪೆಟ್ಟು ಬಿದ್ದರೆ ಕಷ್ಟ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರೂ ಕೇಳುವ ಜಾತಿಯಲ್ಲ. ಮನೆಯಿಂದ ಹೊರಡುವಾಗ ಮಗಳು, "ಅಪ್ಪ, ಇವರನ್ನ ಸ್ವಲ್ಪ ನೋಡ್ಕೋ" ಎಂದಿದ್ದಳು. ತಾನೂ ಬಂದು ಬೇಲಿಯಾಚೆ ಕೂತಿದ್ದಳು.

ಚೆಂಡು ಕೈಗೆ ಬರುವ ಮೊದಲು, ಮೂರನೇ ಬೇಸಿನಿಂದ ಗೆರೆಗುಂಟ ಹೋಮ್ ಪ್ಲೇಟಿಗೆ ಓಡಿ ಬರುವವನ ದಾರಿಗೆ ಕ್ಯಾಚರ್ ಅಡ್ಡ ನಿಲ್ಲುವಂತಿಲ್ಲ. ನಿಂತರೆ ಎದುರಾಳಿಗೆ ರನ್ ಕೊಟ್ಟುಬಿಡಬೇಕು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಅಳಿಯ ಗೆರೆಗೆ ಅಡ್ಡ ನಿಂತ. ಓಡಿ ಬಂದವನು ತಡವರಿಸಿ ವಾಪಸ್ಸು ಹೋದ. ಆಗಲೇ ಕೈಯೆತ್ತಬೇಕಿತ್ತು. ಅಳಿಯನೆಂಬ ಮುಲಾಜೋ, ಹಳೆಯ ಚಾಳಿಯೋ, ಅಂಪೈರ್ ಎತ್ತಲಿಲ್ಲ. ಬ್ರಷ್ ತೆಗೆದು ಪ್ಲೇಟಿನ ಮಣ್ಣು ಒರೆಸುವ ನೆಪದಲ್ಲಿ ಬಗ್ಗಿದ.

"ಗೆರೆ ಬಿಟ್ಟು ನಿಲ್ಲಪ್ಪ. ಇನ್ನೊಂದ್ಸಲ ಆದ್ರೆ ಸುಮ್ನಿರಲ್ಲ."

"ಆಯ್ತು ಮಾವ."

ಆ 'ಆಯ್ತು' ಎಷ್ಟರಮಟ್ಟಿನದು ಎಂದು ಮಾವನಿಗೆ ಗೊತ್ತಿಲ್ಲದ್ದೇನಲ್ಲ.

ಎದುರಾಳಿಗಳ ಬೆಂಚಿನಲ್ಲಿ ಗುಸುಗುಸು ಎದ್ದಿತು. ಅಲ್ಲಿ ಮೂಟೆ ಹೊರುವ ಕೆಲಸದವನೊಬ್ಬನಿದ್ದ, ಬಾಗಿಲಗಲದ ಆಳು. "ಅಂಪೈರ್ ದಾರಿ ಬಿಡ್ಸಲ್ಲ ಅಂದ್ರೆ ನಾನೇ ಬಿಡಿಸ್ಕೋತೀನಿ ಬಿಡಿ" ಎಂದು ನಕ್ಕ. ಆ ನಗು ಅಂಪೈರ್ ಕಿವಿಗೂ ಬಿತ್ತು. ಆಟ ನಿಲ್ಲಿಸಿ ಇಬ್ಬರನ್ನೂ ಕರೆದು ಎಚ್ಚರಿಸಬಹುದಿತ್ತು. ಗಲಾಟೆ ಯಾಕೆ ಎಂದು ಸುಮ್ಮನಾದ.

ಕೊನೆಯ ಇನಿಂಗ್ಸಿನಲ್ಲಿ ಮೂರನೇ ಬೇಸಿನಲ್ಲಿ ನಿಂತಿದ್ದವನು ಆ ಮೂಟೆ ಹೊರುವವನೇ. ಬ್ಯಾಟಿಗೆ ತಾಗಿದ ಚೆಂಡು ದೂರ ಹಾರಿತು, ಅವನು ಓಟ ಕಿತ್ತ. ಅಳಿಯ ಮುಖಕವಚ ಕಿತ್ತೆಸೆದು, ಸರಿಯಾಗಿ ಗೆರೆಯ ಮೇಲೆಯೇ ಮಂಡಿಯೂರಿ ಕೈ ಚಾಚಿದ. ಚೆಂಡು ಇನ್ನೂ ಎಲ್ಲೋ ಇತ್ತು. ಬರುತ್ತಿದ್ದವನು ತಲೆ ತಗ್ಗಿಸಿದ, ವೇಗ ತಗ್ಗಿಸಲಿಲ್ಲ.

ಯಾವತ್ತೂ ದನಿಯೆತ್ತದ ಅಂಪೈರ್ ಕಿರುಚಿದ: "ಗೆರೆ ಬಿಡೋ!"

ಯಾರ ಮಾತೂ ಕೇಳದ ಅಳಿಯ ಈ ದನಿಗೆ ಬೆಚ್ಚಿ, ಏನು ಮಾವ ಎನ್ನುವಂತೆ ಹಿಂದಿರುಗಿ ನೋಡಿದ. ಬರುತ್ತಿದ್ದವನ ಕಡೆಗೆ ಅವನ ಕಣ್ಣಿರಲಿಲ್ಲ.

ಧೂಳು ಅಡಗಿದಾಗ ಮಗಳು ಬೇಲಿ ದಾಟಿ ಓಡಿ ಬರುತ್ತಿದ್ದಳು. ಅಂಪೈರ್ ಮಣ್ಣಿನಲ್ಲಿ ಕೂತು ಅಳಿಯನ ಕೈ ಹಿಡಿದಿದ್ದ. ಅಳಿಯ ನಿಧಾನವಾಗಿ ಕಣ್ಣು ಬಿಟ್ಟು, ಅವನ ಮುಖವನ್ನು ಬಹಳ ಹೊತ್ತು ನೋಡಿದ.

"ಸಾರ್," ಎಂದ, "ನಾನು ಗೆರೆ ಬಿಟ್ಟಿದ್ದೆ ಅಲ್ವಾ?"

"ಬಿಟ್ಟಿದ್ದೆ ಕಣಪ್ಪ" ಎಂದ ಅಂಪೈರ್. ಮಗಳ ಕಡೆ ತಿರುಗುವ ಧೈರ್ಯ ಅವನಿಗೆ ಬರಲಿಲ್ಲ.