ದೊಡ್ಡಕ್ಕ ಎತ್ತಿಟ್ಟ ಫೋನು

ವಿಮಾನದ ಹುಡುಗಿಯರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ನರೆತ ಕೂದಲಿಗೆ ಬಣ್ಣ ಹಚ್ಚಿಕೊಂಡು ಇನ್ನೂ ಟ್ರಾಲಿ ತಳ್ಳುತ್ತಿದ್ದ ಗಟ್ಟಿಗಿತ್ತಿ ಗಗನಸಖಿ. ಕುಡಿದು ಕೂಗಾಡುವವರನ್ನು ಒಂದೇ ನೋಟಕ್ಕೆ ಕೂರಿಸಿಬಿಡುವಳು. ಮನೆಯಲ್ಲಿ ಅತ್ತೆಗೂ ಎದುರುತ್ತರ ಕೊಡುವಳು. ಇಂಥವಳು ಹೆದರುತ್ತಿದ್ದುದು ಒಬ್ಬನಿಗೇ, ಹಿರಿಯ ಪೈಲಟ್ ಸಿಡುಕಪ್ಪನಿಗೆ. ವಿಮಾನ ಇಳಿಯುವಾಗ ಜೀವಕ್ಕೆ ಕುತ್ತು ಬಂದರೆ ಹೊರತು ಕಾಕ್‌ಪಿಟ್‌ಗೆ ಫೋನ್ ಮಾಡಕೂಡದೆಂಬುದು ನಿಯಮ. ಹಿಂದೊಮ್ಮೆ ಸುಟ್ಟ ವಾಸನೆ ಬಂತೆಂದು ಮಾಡಿದ್ದಳು. ನೋಡಿದರೆ ಓವನ್ನಿನಲ್ಲಿ ಬ್ರೆಡ್ಡು ಸೀದಿತ್ತು. ಅಷ್ಟಕ್ಕೇ ಆ ಮಹಾರಾಯ ಎಲ್ಲರೆದುರು ಅವಳ ನೀರಿಳಿಸಿದ್ದ. ಬ್ರೆಡ್ಡು ಸೀದರೆ ಅವನ ಗಂಟೇನು ಹೋಯಿತು, ಹೇಳಿ!

ಆ ಮಧ್ಯಾಹ್ನ ಕೆಳಗಿನ ಮನೆಗಳ ಚಾವಣಿ ಕಾಣುವಷ್ಟು ಇಳಿದಿದ್ದರು. ಢಬ್ ಎಂದಿತು. ವಿಮಾನ ಗಡಗಡ ನಡುಗಿತು. ಮುಂಬಾಗಿಲ ಪಕ್ಕದ ಮಡಚು ಸೀಟಿನಲ್ಲಿ ಪ್ರಯಾಣಿಕರಿಗೆ ಮುಖ ಮಾಡಿ ಕೂತಿದ್ದ ದೊಡ್ಡಕ್ಕ ಬೆಲ್ಟು ಬಿಗಿಯಾಗಿ ಹಿಡಿದುಕೊಂಡಳು. ಅವಳ ಬಲಗೈ ಕಡೆಯ ಸಾಲುಗಳಲ್ಲಿ "ಬೆಂಕಿ! ಬೆಂಕಿ!" ಎಂದು ಕೂಗೆದ್ದಿತು. ಅತ್ತಲ ಕಿಟಕಿಗಳೆಲ್ಲ ಕೆಂಪಾಗಿದ್ದವು.

ಸ್ಪೀಕರಿನಲ್ಲಿ ಸಿಡುಕಪ್ಪನ ದನಿ ಬಂತು. "ಗಾಬರಿ ಬೇಡ. ಬಲಗಡೆ ಎಂಜಿನ್ ಕೆಟ್ಟಿದೆ. ಅದನ್ನ ಆಫ್ ಮಾಡಿ ಇನ್ನೊಂದರಲ್ಲೇ ಇಳಿಸ್ತೀವಿ."

ಹೌದು, ಬಲಗಡೆಯೇ, ಎಂದು ಉಸಿರುಬಿಟ್ಟಳು. ಮರುಗಳಿಗೆಯೇ ಬೆಚ್ಚಿಬಿದ್ದಳು. ಅಯ್ಯೋ, ನಾನು ಹಿಂದಕ್ಕೆ ತಿರುಗಿ ಕೂತಿದ್ದೇನಲ್ಲ! ನನ್ನ ಬಲವೆಂದರೆ ಪೈಲಟ್‌ಗಳ ಎಡ. ಚೆನ್ನಾಗಿರುವ ಎಂಜಿನ್ನನ್ನೇ ಆಫ್ ಮಾಡಿಬಿಟ್ಟರೆ ಎಲ್ಲರೂ ಆ ಚಾವಣಿಗಳ ಮೇಲೇ ಬೀಳುವುದು.

ಫೋನ್ ಎತ್ತಿದಳು. ಸೀದ ಬ್ರೆಡ್ಡು ಕಣ್ಣೆದುರು ಬಂತು. ಇಟ್ಟುಬಿಟ್ಟಳು. ನಾನೇ ತಪ್ಪಿದ್ದರೆ? ಭಯದಲ್ಲಿ ಎಡಬಲವೇ ಕಲಸಿಹೋಗಿತ್ತು. ಪೆನ್ನು ಹಿಡಿಯುವ ಕೈ ಯಾವುದೆಂದು ಬೆರಳಾಡಿಸಿ ನೋಡಿಕೊಂಡಳು. ಮೊದಲ ಸಾಲಿನ ತಾಯಿಯೊಬ್ಬಳು ಕೂಸನ್ನು ಅವಚಿಕೊಂಡು ಇವಳ ಮುಖವನ್ನೇ ನೋಡುತ್ತಿದ್ದಳು. ದೊಡ್ಡಕ್ಕ ಮತ್ತೆ ಫೋನ್ ಎತ್ತಿದಳು.

"ಏನದು?" ಸಿಡುಕಪ್ಪ ಗದರಿದ.

"ಸಾರ್, ಬೆಂಕಿ ಎಡಗಡೆ. ನಿಮ್ಮ ಎಡಗಡೆ."

"ತಿರುಗಿ ಕೂತಿದೀಯ, ಸರಿಯಾಗಿ ನೋಡಿ ಹೇಳು!"

"ನೋಡೇ ಹೇಳ್ತಿದೀನಿ ಸಾರ್! ಬಲಗಡೇದನ್ನ ಮುಟ್ಟಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಫೋನ್ ಕಟ್ಟಾಯಿತು. ಯಾವ ಎಂಜಿನ್ನಿನ ಸದ್ದು ನಿಲ್ಲುತ್ತದೋ ಎಂದು ಕಿವಿಗೊಟ್ಟು ಕೂತಳು. ಮಗಳಿಗೆ ಬೆಳಿಗ್ಗೆ ಬೈದು ಬಂದಿದ್ದೆನಲ್ಲ ಎಂದು ನೆನಪಾಯಿತು. ಕಿಟಕಿಯ ಕೆಂಪು ಆರಿತು. ಚೆನ್ನಾಗಿದ್ದ ಎಂಜಿನ್ ಮೊರೆಯುತ್ತಲೇ ಇತ್ತು. ಚಕ್ರಗಳು ನೆಲಕ್ಕೆ ಅಪ್ಪಳಿಸಿದವು.

ಎಲ್ಲರೂ ಇಳಿದ ಮೇಲೆ ಸಿಡುಕಪ್ಪ ಹೊರಬಂದ. ಅಂಗಿ ಬೆವರಿಗೆ ತೊಯ್ದುಹೋಗಿತ್ತು.

"ಬಲಗಡೇದರ ಲಿವರ್ ಮೇಲೆ ಕೈ ಇಟ್ಟಾಗಿತ್ತು ಕಣಮ್ಮ. ಎಳೆಯೋದೊಂದೇ ಬಾಕಿ. ಅಷ್ಟು ಹೊತ್ತು ಯಾಕೆ ಸುಮ್ಮನಿದ್ದೆ?"

ಅಲ್ಲಿಯವರೆಗೆ ಬಿಗಿಹಿಡಿದಿದ್ದ ಅಳು ಉಕ್ಕಿಬಂತು. "ಒಂದ್ಸಲ ಎತ್ತಿ ಇಟ್ಟುಬಿಟ್ಟೆ ಸಾರ್. ಸಾವಿಗಿಂತ ನಿಮಗೇ ಜಾಸ್ತಿ ಹೆದರಿದ್ದೆ."

ಸಿಡುಕಪ್ಪ ಕೂಸಿನ ತಾಯಿ ಕೂತಿದ್ದ ಸೀಟಿನಲ್ಲಿ ಕುಸಿದು ಕೂತ.