ಬೆಂಕಿಯ ಬಣ್ಣ ಕೇಳುವವನು

ಮುನ್‌ಗ್ಯೋಂಗ್ ಗುಡ್ಡದ ಓರೆಯಲ್ಲಿ ಕುಂಬಾರ ಪ್ಯೋ ಅಜ್ಜನ ಆವಿಗೆ ಮಲಗಿದ ಎತ್ತಿನ ಹಾಗೆ ಕಾಣುತ್ತದೆ. ಅದಕ್ಕೆ ಪೈನ್ ಸೌದೆ ಹೊರುವ ನಾನು ಇಪ್ಪತ್ತು ವರ್ಷದಿಂದ ಅವನ ಬೈಗುಳ ತಿಂದಿದ್ದೇನೆ. ಸೌದೆಯಲ್ಲಿ ಎಳ್ಳಷ್ಟೂ ತೊಗಟೆ ಇರಕೂಡದು. ಬೆಂಕಿ ಹಚ್ಚುವ ಮುನ್ನ ಅಕ್ಕಿಯ ಹೆಂಡ ಮೊದಲು ಆವಿಗೆಗೆ, ಆಮೇಲೆ ಅವನ ಗಂಟಲಿಗೆ. ಶಾಖ ಅಳೆಯುವ ಯಂತ್ರ ತಂದ ಅಳಿಯನಿಗೆ, "ನಿಮ್ಮತ್ತೆ ಸಾರಿನ ರುಚಿ ನೋಡೋಕೆ ಯಂತ್ರ ಇಡ್ತಾಳೇನಯ್ಯಾ?" ಎಂದಿದ್ದ. ಬೆಂದ ಬಟ್ಟಲುಗಳನ್ನು ಬೆರಳಿಂದ ತಟ್ಟಿ, ದನಿ ಹಿಡಿಸದಿದ್ದರೆ ಸುತ್ತಿಗೆಯಿಂದ ಒಡೆಯುತ್ತಾನೆ. ಹತ್ತರಲ್ಲಿ ಎಂಟು ಹೋಗುತ್ತವೆ, ಅವನಂಗಳಕ್ಕೆ ನಾವು ನಡೆಯುವುದೇ ಆ ಚೂರುಗಳ ಮೇಲೆ. ಈಚೆಗೆ ಅವನಿಗೊಂದು ಹೊಸ ಚಾಳಿ ಹತ್ತಿದೆ. ಬೆಂಕಿ ಹಚ್ಚಿದ ಎರಡನೆಯ ದಿನ ಉರಿ ಏರುತ್ತಲೇ ಅಜ್ಜಿಯನ್ನು ಆವಿಗೆಯ ಕಿಂಡಿಯ ಮುಂದೆ ಕೂರಿಸಿ, "ಐವತ್ತು ವರ್ಷ ನನ್ನ ಜೊತೆ ಬಾಳಿ ಏನು ಕಲಿತೆ ನೋಡೋಣ. ಬಣ್ಣ ಹೇಳು, ಸುನ್‌ರೆಯ ಅಮ್ಮಾ," ಎಂದು ಮಗಳ ಹೆಸರು ಹಿಡಿದು ಕೇಳುತ್ತಾನೆ. "ಕೆಂಪು ಹೋಗಿ ಹಳದಿ ಬಂತು ರೀ. ಇನ್ನೂ ಬೆಳ್ಳಗಾಗಿಲ್ಲ." "ಪರವಾಗಿಲ್ವೇ!" ಎಂದು ಅಜ್ಜ ಇನ್ನೊಂದು ಹೊರೆ ಹಾಕಿಸುತ್ತಾನೆ. ಈ ವಯಸ್ಸಿನಲ್ಲಿ ಇದೆಂಥ ಪಾಠವೆಂದು ನಾನು ನಗುತ್ತಿದ್ದೆ. ಮೊನ್ನೆ ಆವಿಗೆ ಉರಿಯುತ್ತಿರುವಾಗ ಹಾಡಹಗಲಲ್ಲಿ ನಾನು ಹೆಂಡದ ಬಟ್ಟಲು ಚಾಚಿದಾಗ ಅಜ್ಜನ ಕೈ ಅದರ ಪಕ್ಕದ ಗಾಳಿಯಲ್ಲಿ ತಡಕಾಡಿತು. ಅಜ್ಜಿ ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಕಿಂಡಿಯೊಳಗೆ ಇಣುಕಿ, ಪರೀಕ್ಷೆಗೆ ಹೆದರಿದ ಹುಡುಗಿಯ ದನಿಯಲ್ಲಿ, "ಬೆಳ್ಳಗಾಯ್ತು ಅನ್ಸುತ್ತೆ ರೀ. ಸರಿನಾ ಅಂತ ನೀವೇ ನೋಡಿ ಹೇಳಿ," ಎಂದಳು.