ಕಿತ್ತ ಎಳೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಶಾಲೆಯ ಮಕ್ಕಳೂ ಆಡಿಕೊಳ್ಳುತ್ತಾರೆ. ಬ್ಯಾಂಕಾಕಿಗೆ ಒಬ್ಬಳೇ ಹೋಗಿ ಬಂದ ಆ ಒಂದು ವಾರ ಅದು ಅಲ್ಲಿಂದ ಕೆಳಗಿಳಿಯಲೇ ಇಲ್ಲ. ಸಿಟ್ಟು ಮಾಡಿಕೊಂಡೇ ಹೋದೆ, ಸಿಟ್ಟಿನಲ್ಲೇ ಸುತ್ತಿದೆ, ಸಿಟ್ಟು ಹೊತ್ತುಕೊಂಡೇ ವಾಪಸು ಬಂದೆ.

ಶಿಡ್ಲಘಟ್ಟದ ಹೈಸ್ಕೂಲ್ ಮೇಡಂ ಒಬ್ಬಳು ಬೇಸಿಗೆ ರಜೆಯಲ್ಲಿ ಬೆನ್ನಿಗೆ ಬ್ಯಾಗು ಹಾಕಿಕೊಂಡು ಪರದೇಶಕ್ಕೆ ಹೊರಟಿದ್ದಾಳೆ ಎಂದರೆ ಅದು ಬೀದಿಗೆಲ್ಲ ತಮ್ಮ ಮನೆಯ ವಿಚಾರ. ಕೆಂಚಾರ್ಲಹಳ್ಳಿಯ ದೊಡ್ಡಮ್ಮನ ಮನೆಯಲ್ಲಿ ರೇಷ್ಮೆಹುಳು ಪೊರೆ ಬಿಡಲು ಜ್ವರಕ್ಕೆ ಕೂತು ಸೊಪ್ಪು ಮುಟ್ಟದೆ ಒಂದು ದಿನದ ಬಿಡುವು ಸಿಕ್ಕಿದ್ದೇ ತಡ, ಬಸ್ಸು ಹತ್ತಿ ಬಂದಳು.

“ಒಬ್ಳೇನಾ?”

“ಹೂಂ, ಒಬ್ಳೇ.”

“ಜತೆಗ್ಯಾರೂ ಬರಲ್ವಾ?”

“ಒಬ್ಳೇ ಅಂದ್ರೆ ಒಬ್ಳೇ ದೊಡ್ಡಮ್ಮ.”

“ಮದ್ವೆ ಆಗಿದ್ರೆ ಗಂಡನ ಜತೆ ಹೋಗ್ಬೋದಿತ್ತು ಕಣಮ್ಮಾ.”

ಮೂವತ್ತಾರು ವರ್ಷದವಳು, ಸ್ವಂತ ಸಂಬಳ ಎಣಿಸಿಕೊಳ್ಳುವವಳು, ನೂರಾರು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ಲೆಕ್ಕ ತಪ್ಪದಂತೆ ವಾಪಸು ತಂದವಳು. ನನ್ನೊಬ್ಬಳನ್ನು ನಾನು ನೋಡಿಕೊಳ್ಳಲಾರೆನೆ? ಕಾಫಿ ಲೋಟವನ್ನು ದೊಡ್ಡಮ್ಮನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟೆ.

ಒಬ್ಳೇನಾ ಎಂದು ಕೇಳದಿದ್ದವಳು ಅಮ್ಮ ಒಬ್ಬಳೇ. ಅಮ್ಮ ನೂಲು ತೆಗೆಯುವ ಕೆಲಸದವಳು. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ ರಾಟೆಗೆ ಕೊಡುವ ಆ ಕೆಲಸವನ್ನು ಮೂವತ್ತು ವರ್ಷ ಮಾಡಿ ನನ್ನನ್ನು ಬಿ.ಎಡ್. ಮುಗಿಸುವ ತನಕ ಓದಿಸಿದಳು. ದೊಡ್ಡ ಮಷೀನುಗಳು ಬಂದ ಮೇಲೆ ಮನೆಯಲ್ಲಿದ್ದಾಳೆ. ನಾನು ಫೋನಿನಲ್ಲಿ ಬ್ಯಾಂಕಾಕಿನ ವಿಡಿಯೋಗಳನ್ನು ನೋಡುತ್ತಿದ್ದಾಗ ಅದರಲ್ಲೊಂದು ಅಮ್ಮನ ಕಣ್ಣಿಗೆ ಬಿತ್ತು. ಆ ದೇಶದ ಹಳ್ಳಿಯ ಹೆಂಗಸೊಬ್ಬಳು ಒಲೆಯ ಮೇಲಿನ ಮಡಕೆಯಿಂದ ಹಳದಿ ಗೂಡಿನ ಎಳೆಗಳನ್ನು ಬರಿಗೈಯಲ್ಲಿ ಎಳೆದೆಳೆದು ಬುಟ್ಟಿಗೆ ತುಂಬುತ್ತಿದ್ದಳು. ಅಮ್ಮ ಅದನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದಳು.

“ಈವಮ್ಮ ರಾಟೆ ಇಲ್ದೇನೇ ತೆಗೀತಾಳಲ್ಲೇ. ಇಂಥ ನೂಲಿನ ಬಟ್ಟೆ ಒಂದು ಮೊಳ ಸಿಕ್ಕಿದ್ರೂ ಸಾಕು, ತಗೊಂಬಾ. ಒಂದ್ಸಲ ಮುಟ್ಟಿ ನೋಡ್ಬೇಕು.”

ಅಮ್ಮ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಕೆಲಸ ಸಿಕ್ಕ ಹೊಸದರಲ್ಲಿ ಬಳೆ ಮಾಡಿಸುತ್ತೇನೆ ಎಂದಾಗಲೂ ಬೇಡವೆಂದಿದ್ದಳು. ಹಾಗಾಗಿ ನನ್ನ ಪ್ರವಾಸಕ್ಕೆ ಇದ್ದ ಗುರಿ ಒಂದೇ, ಆ ಬಟ್ಟೆ. ಉಳಿದದ್ದೆಲ್ಲ ಬಂದಷ್ಟು ಬರಲಿ ಅಂದುಕೊಂಡೆ.

ಮೊದಲ ಎರಡು ದಿನ ಊರು ಹಿಡಿಸಿತು. ಎಂಟು ಮಂಚಗಳ ಹಾಸ್ಟೆಲ್ ಕೋಣೆಯಲ್ಲಿ ಯಾರು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನದಿಯ ದೋಣಿ ಹತ್ತಿದರೆ ಕಂಡಕ್ಟರಮ್ಮ ಉದ್ದನೆಯ ತಗಡಿನ ಡಬ್ಬಿಯನ್ನು ಕಟಕಟ ಆಡಿಸುತ್ತಾ ಬಂದು ಟಿಕೆಟ್ ಹರಿದು ಕೊಡುತ್ತಿದ್ದಳು. ಚಿಕ್ಕಬಳ್ಳಾಪುರದ ಬಸ್ಸಿನ ಹಾಗೆ ಅಲ್ಲೂ ಒಳಗೆ ಹೋಗಿ ಒಳಗೆ ಹೋಗಿ ಎಂದು ತಳ್ಳುತ್ತಿದ್ದರು. ತಲೆಯ ಮೇಲೆ ಓಡುವ ರೈಲು, ಅದರ ಕೆಳಗೆ ಕಾರುಗಳು, ಕಾರುಗಳ ಪಕ್ಕದಲ್ಲೇ ಬಾಣಲೆ ಇಟ್ಟುಕೊಂಡು ನೂಡಲ್ಸ್ ಹುರಿಯುವವರು. ಬಿಸಿಲು ಮಾತ್ರ ನಮ್ಮ ಊರಿನ ಬಿಸಿಲಲ್ಲ. ಅದು ಒದ್ದೆ ಕಂಬಳಿ ಹೊದಿಸಿದ ಹಾಗೆ ಮೈಗೆ ಅಂಟಿಕೊಳ್ಳುತ್ತಿತ್ತು.

ಮೂರನೆಯ ದಿನ ಅರಮನೆ ನೋಡಲು ಹೊರಟೆ. ಗೋಡೆಯ ಪಕ್ಕ ನಿಂತಿದ್ದ ಆಟೋದವನು ನಗುತ್ತಾ ಹತ್ತಿರ ಬಂದ. ಅವನು ಇಂಗ್ಲಿಷಿನಲ್ಲಿ ಕೇಳಿದ ಮೊದಲ ಪ್ರಶ್ನೆ, “ಒಬ್ಬರೇ ಬಂದಿದ್ದೀರಾ?” ಅಲ್ಲೇ ನನ್ನ ತಲೆ ಬಿಸಿಯಾಯಿತು. ಆದರೂ ಹೌದೆಂದೆ. ಅರಮನೆ ಮಧ್ಯಾಹ್ನದವರೆಗೆ ಮುಚ್ಚಿದೆ, ಅಷ್ಟರಲ್ಲಿ ನಿಮಗೆ ಬೇರೇನಾದರೂ ತೋರಿಸುತ್ತೇನೆ ಎಂದ. ಹಳ್ಳಿಯ ರೇಷ್ಮೆ ಬೇಕು ಎಂದು ನಾನೇ ಬಾಯಿ ಬಿಟ್ಟೆ. ಅವನ ಮುಖ ಅರಳಿತು.

ಕರೆದುಕೊಂಡು ಹೋದ ಅಂಗಡಿಯಲ್ಲಿ ಚಳಿ ಹುಟ್ಟಿಸುವಷ್ಟು ಎಸಿ ಇತ್ತು. ಶಾಲುಗಳು, ಕುಶನ್ ಕವರುಗಳು, ಆನೆ ಚಿತ್ರದ ಟೈಗಳು, ಎಲ್ಲದರ ಮೇಲೂ ಅಪ್ಪಟ ರೇಷ್ಮೆ ಎಂಬ ಚೀಟಿ. ಒಂದನ್ನು ಮುಟ್ಟಿದೆ, ಇನ್ನೊಂದನ್ನು ಮುಟ್ಟಿದೆ. ಎಲ್ಲವೂ ಪಾಲಿಯೆಸ್ಟರ್. ನೂಲಿನ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟೂ ತಿಳಿಯದೆ ಇರುತ್ತದೆಯೆ? ಹೇಳಿದೆ. ಮಾರುವ ಹೆಂಗಸು ನಕ್ಕಳು. ಆಟೋದವನಿಗೆ ಹೇಳಿದೆ. ಅವನೂ ನಕ್ಕ. ಬಾಗಿಲಿನಲ್ಲೇ ನಿಂತು ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲೂ ಬೈದು, ಅವನ ಗಾಡಿ ಹತ್ತದೆ ನಡೆದೇ ಹೊರಟೆ. ಅರಮನೆ ಮುಚ್ಚಿರಲೇ ಇಲ್ಲವೆಂದು ಗೊತ್ತಾದದ್ದು, ಎರಡು ಗಂಟೆ ದಾರಿ ತಪ್ಪಿ ಅಲೆದು ಬಾಗಿಲು ಮುಚ್ಚುವ ಹೊತ್ತಿಗೆ ಅಲ್ಲಿ ತಲುಪಿ ಕಾವಲಿನವನನ್ನು ಕೇಳಿದಾಗ.

ಅಲ್ಲಿಂದಾಚೆಗೆ ಆ ಊರಿನಲ್ಲಿ ನನಗೆ ನಗುವ ಮುಖವೆಲ್ಲ ಕಳ್ಳನ ಮುಖ. ಎಳನೀರು ಕೊಟ್ಟವನ ಮೇಲೆ ಅನುಮಾನ, ದಾರಿ ತೋರಿಸಿದವಳ ಮೇಲೆ ಅನುಮಾನ. ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ಆ ಬೆಕ್ಕಿಗೆ ಕನಿಷ್ಠ ಹೆದರಿಕೆಯಾದರೂ ಇತ್ತು, ನನಗೆ ಇದ್ದದ್ದು ಬರೀ ಹಗೆ. ನಾಲ್ಕು ಮಾರುಕಟ್ಟೆ ಸುತ್ತಿದೆ, ಅಮ್ಮ ಕೇಳಿದ ಬಟ್ಟೆ ಸಿಗಲಿಲ್ಲ.

ಕೊನೆಯ ದಿನ ವಾರದ ಸಂತೆಗೆ ಹೋದೆ. ಸಂತೆಯೆಂದರೆ ಅದೊಂದು ಊರೇ. ತಗಡಿನ ಸೂರುಗಳ ಕೆಳಗೆ ಸಾಲುಸಾಲು ಅಂಗಡಿಗಳು. ಒಂದು ಓಣಿಯ ತುದಿಯಲ್ಲಿ ಚಾಪೆ ಹಾಸಿಕೊಂಡು ಒಬ್ಬ ಹೆಂಗಸು ಕೂತಿದ್ದಳು, ಅಮ್ಮನಷ್ಟೇ ವಯಸ್ಸು. ಮುಂದೆ ಏಳೆಂಟು ತುಂಡು ಬಟ್ಟೆ, ಅಷ್ಟೇ. ಅದರಲ್ಲೊಂದು ಬಣ್ಣ ಹಾಕದೆ ನೇಯ್ದದ್ದು, ಮಾಸಿದ ಅರಿಶಿನದ ಬಣ್ಣ, ಅಲ್ಲಲ್ಲಿ ಎಳೆ ದಪ್ಪಗೆ ಗಂಟುಗಂಟಾಗಿತ್ತು. ಕೈಯಲ್ಲಿ ತೆಗೆದ ನೂಲು ಹಾಗೇ ಇರುತ್ತದೆ. ನನಗೆ ಗೊತ್ತಿತ್ತು. ಮುಟ್ಟಿದಾಗ ಬೆರಳಿಗೂ ಗೊತ್ತಾಯಿತು. ಆದರೆ ತಲೆಯಲ್ಲಿ ಇನ್ನೂ ಆ ಎಸಿ ಅಂಗಡಿಯ ನಗು ಕೂತಿತ್ತು.

“ಪಾಲಿಯೆಸ್ಟರ್,” ಅಂದೆ. ಆ ಪದಕ್ಕೆ ಅನುವಾದ ಬೇಕಿರಲಿಲ್ಲ.

ಆಕೆ ಅಲ್ಲವೆಂದು ತಲೆಯಾಡಿಸಿದಳು. ಎರಡು ಕೈ ಮುಂದೆ ಮಾಡಿ, ಮಡಕೆಯಿಂದ ಎಳೆ ಎಳೆಯುವುದನ್ನು ಅಭಿನಯಿಸಿ ತೋರಿಸಿದಳು. ಪಕ್ಕದಲ್ಲಿ ಇಬ್ಬರು ಬಿಳಿಯ ಹೆಂಗಸರು ನೀಲಿ ಬಟ್ಟೆಯೊಂದನ್ನು ಹಿಡಿದು ನಮ್ಮನ್ನೇ ನೋಡುತ್ತಿದ್ದರು. ಸೀರೆ ಮಾರುವವರು ಬಂದರೆ ಒಂದೆಳೆ ಸುಟ್ಟು ಮೂಸಿ ನೋಡುವುದು ನಮ್ಮ ಬೀದಿಯ ಹೆಂಗಸರಿಗೆ ಅನ್ನ ಹಿಸುಕಿ ನೋಡಿದಷ್ಟು ಸಲೀಸು. ಅಪ್ಪಟ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಉಂಡೆಯಾಗುತ್ತದೆ. ನಾನು ಬಟ್ಟೆಯ ಅಂಚಿನಿಂದ ಒಂದೆಳೆಯನ್ನು ಸರ್ರನೆ ಕಿತ್ತೆ. ಹಾಸ್ಟೆಲಿನಲ್ಲಿ ಸೊಳ್ಳೆಬತ್ತಿ ಹಚ್ಚಲು ಕೊಂಡ ಬೆಂಕಿಪೊಟ್ಟಣ ಬ್ಯಾಗಿನಲ್ಲೇ ಇತ್ತು. ಕಡ್ಡಿ ಗೀರಿದೆ.

ಬೆಂಕಿ ಕಂಡು ಅಕ್ಕಪಕ್ಕದವರು ಎದ್ದು ನಿಂತರು. ಬಿಳಿಯ ಹೆಂಗಸರು ನೀಲಿ ಬಟ್ಟೆಯನ್ನು ಚಾಪೆಯ ಮೇಲಿಟ್ಟು ಮುಂದೆ ಹೋದರು. ಕೂದಲು ಸುಟ್ಟ ವಾಸನೆ ಬಂತು. ಬೂದಿ ನನ್ನ ಬೆರಳಲ್ಲಿ ಪುಡಿಯಾಯಿತು.

ಆಕೆ ಬೂದಿಯನ್ನು ನೋಡಲಿಲ್ಲ. ಎಳೆ ಕಿತ್ತ ಕಡೆ ಬಟ್ಟೆ ಉದ್ದಕ್ಕೆ ಸುಕ್ಕುಗಟ್ಟಿತ್ತು. ಅದನ್ನು ಉಗುರಿನಿಂದ ಎರಡು ಸಲ ಸವರಿದಳು. ನಾನು ಸಂತೋಷದಿಂದ, ಹೌದು, ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷದಿಂದಲೇ ಪರ್ಸು ತೆಗೆದು ಆಕೆ ಮೊದಲೇ ಹೇಳಿದ್ದ ಬೆಲೆಯಷ್ಟನ್ನೂ ಮುಂದೆ ಹಿಡಿದೆ. ಆಕೆ ಬಟ್ಟೆ ಮಡಿಸಿ ಮೊಣಕಾಲಿನ ಕೆಳಗೆ ಇಟ್ಟುಕೊಂಡಳು. ಇನ್ನಷ್ಟು ಸೇರಿಸಿ ಹಿಡಿದೆ. ತಲೆಯಾಡಿಸಿದಳು. ಹಾಳಾದ ಬಟ್ಟೆ ಮಾರಲು ಸಂಕೋಚವೇನೋ ಅಂದುಕೊಂಡು ಬೇರೆಯದನ್ನು ತೋರಿಸಿದೆ. ಅದನ್ನೂ ಮುಟ್ಟಗೊಡಲಿಲ್ಲ. ಅಷ್ಟರಲ್ಲಿ ಬಂದ ಆ ಊರಿನವಳೊಬ್ಬಳಿಗೆ ನನ್ನ ಕಣ್ಣೆದುರೇ ಒಂದು ತುಂಡು ಮಾರಿದಳು, ನಗುತ್ತಾ.

ನನಗೆ ಮೈಯೆಲ್ಲ ಉರಿಯಿತು. ಸಮುದ್ರ ದಾಟಿ ಬಂದಿದ್ದೇನೆ, ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ ಎನ್ನುತ್ತಿದ್ದೇನೆ, ಇವಳದ್ದೇನು ಕೊಬ್ಬು? ವಿಮಾನದಲ್ಲಿ ಕೂತಾಗಲೂ ಆಕೆಯೊಂದಿಗೆ ಮನಸ್ಸಿನಲ್ಲೇ ಜಗಳವಾಡುತ್ತಿದ್ದೆ. ದೇವನಹಳ್ಳಿಯಲ್ಲಿ ಇಳಿದು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಶಿಡ್ಲಘಟ್ಟಕ್ಕೆ ಬರುವ ಹೊತ್ತಿಗೆ ಆ ಜಗಳದಲ್ಲಿ ನಾನೇ ಗೆದ್ದಿದ್ದೆ.

ಮನೆಗೆ ಬಂದವಳು ಬ್ಯಾಗು ಇಳಿಸುವ ಮೊದಲೇ ಎಲ್ಲವನ್ನೂ ಅಮ್ಮನ ಮುಂದೆ ಕಕ್ಕಿದೆ. ಆಟೋದವನು, ಅಂಗಡಿ, ಸಂತೆ, ಸುಟ್ಟ ಎಳೆ, ಬಟ್ಟೆ ಇದ್ದೂ ಮಾರದ ಆ ಹೆಂಗಸು. ಅಮ್ಮ ಕಡಲೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಎಳೆ ಅವಳೇ ತೆಗೆದು ಕೊಟ್ಳಾ?”

“ಇಲ್ಲ, ನಾನೇ ಕಿತ್ತೆ. ಇಲ್ಲೂ ಸುಟ್ಟು ನೋಡ್ತೀರಲ್ಲ ನೀವೆಲ್ಲ?”

“ಸೀರೆಯವ್ನು ತಾನೇ ಎಳೆ ತೆಗೆದು ಕೈಗೆ ಕೊಡ್ತಾನೆ ಕಣೇ. ನೋಡ್ರಮ್ಮ ಅಂತಾನೆ. ಕೊಟ್ಟಿದ್ದನ್ನ ಸುಡ್ತೀವಿ. ಇನ್ನೊಬ್ರ ಬಟ್ಟೆಗೆ ಕೈ ಹಾಕಿ ಯಾವತ್ತಾದ್ರೂ ಕಿತ್ತಿದ್ದು ನೋಡಿದ್ಯಾ ನೀನು?”

ನೋಡಿರಲಿಲ್ಲ. ಸುಡುವುದನ್ನಷ್ಟೇ ನೋಡಿದ್ದೆ. ಎಳೆ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದು, ಇಷ್ಟು ವರ್ಷ ಅದೇ ಬೀದಿಯಲ್ಲಿದ್ದೂ, ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆದರೆ ಸೋಲು ಒಪ್ಪಿಕೊಳ್ಳುವ ಜಾತಿಯವಳಲ್ಲ ನಾನು.

“ಮತ್ತೆ? ಸುಮ್ನೆ ಮೋಸ ಹೋಗಿ ಬರ್ಬೇಕಿತ್ತಾ?”

“ಹೋಗಿದ್ರೆ ಏನಾಗ್ತಿತ್ತು? ಪಾಲಿಯೆಸ್ಟರ್ ತಂದಿದ್ರೂ ಮಗಳು ತಂದಿದ್ದು ಅಂತ ಪೆಟ್ಟಿಗೇಲಿ ಇಟ್ಕೊಂತಿದ್ದೆ.”

“ಅಮ್ಮಾ, ನಾನು ದುಡ್ಡು ಜಾಸ್ತಿನೇ ಕೊಡ್ತೀನಂದೆ...”

“ಚಾಲು, ಸಾಕು ಬಿಡು.” ಸಿಟ್ಟು ಬಂದಾಗ ಮಾತ್ರ ಅಮ್ಮನ ಬಾಯಲ್ಲಿ ತೆಲುಗು ಬರುತ್ತದೆ. ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತಳು. “ಅಲ್ಲಿ ಕೂತಿದ್ದೋಳು ನಾನೇ ಆಗಿದ್ರೂ ನಿಂಗೆ ಮಾರ್ತಿರ್ಲಿಲ್ಲ.”